ತಗ್ಗಿನ ಮನೆಯ ಹೆಪ್ಪು

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯಲ್ಲಿ. ಅಲ್ಲಿ ಹೊತ್ತಿಗೆ ಸರಿಯಾಗಿ ರೈಲು ಕೂಗುತ್ತಿತ್ತು, ಅಂಗಳದಲ್ಲಿ ಕೊಬ್ಬರಿ ಒಣಗುತ್ತಿತ್ತು, ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟರೆ ಬೆಳಿಗ್ಗೆ ಮೊಸರಾಗಿರುತ್ತಿತ್ತು. ಮೂರೂ ತಾವಾಗಿಯೇ ಆಗುವ ಕೆಲಸಗಳೆಂದು ನಾನು ತಿಳಿದಿದ್ದೆ. ಮೊಸರಾಗುವುದಕ್ಕೂ ಹಣೆಬರಹ ಬೇಕು ಎಂದು ಗೊತ್ತಾದದ್ದು ಮದುವೆಯಾಗಿ ಹಳೇಬೀಡಿನ ಪಕ್ಕದ ಹಳ್ಳಿಗೆ ಬಂದ ಮೇಲೆ. ಐವತ್ತರ ದಶಕದ ಮಾತು. ಆಗ ಆ ಹಳ್ಳಿಗೆ ಕರೆಂಟು ಇನ್ನೂ ಬಂದಿರಲಿಲ್ಲ.

ಮನೆ ತುಂಬಿಸಿಕೊಂಡ ದಿನವೇ ನಮ್ಮ ಅತ್ತೆ ನನ್ನ ಎರಡೂ ಕೈ ಹಿಡಿದು ತಿರುವಿ ತಿರುವಿ ನೋಡಿದರು. ಬಳೆ ನೋಡುತ್ತಿದ್ದಾರೆ ಎಂದುಕೊಂಡೆ. ಅಲ್ಲ. "ಕೈ ಬೆಚ್ಚಗಿದೆ ಕಣೇ. ನೋಡೋಣ, ಧನುರ್ಮಾಸ ಬರಲಿ" ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ನಮ್ಮವರ ಮುಖ ನೋಡಿದೆ. ಹಳೇಬೀಡಿನಲ್ಲಿ ಸ್ಕೂಲ್ ಮೇಷ್ಟ್ರು ಅವರು, ಎಲ್ಲದಕ್ಕೂ ವಿವರಣೆ ಕೊಡುವವರು. ಆ ದಿನ ಮಾತ್ರ ಕತ್ತು ತಿರುಗಿಸಿಕೊಂಡು ಸೂರಿನ ಹೆಂಚು ಎಣಿಸುತ್ತಿದ್ದರು.

ನಮ್ಮ ಮನೆ ಇದ್ದದ್ದು ಊರಿನ ತಗ್ಗಿನಲ್ಲಿ. ಸುತ್ತ ದಿಬ್ಬ, ನಡುವೆ ಬೋಗುಣಿಯ ಹಾಗೆ ಒಂದು ಹೊಂಡ, ಆ ಹೊಂಡದ ತಳದಲ್ಲಿ ನಾವು. ಮಾವನವರ ಅಜ್ಜ ಊರೆಲ್ಲ ಸುತ್ತಿ, ಗಾಳಿಗೆ ಕೈಯೊಡ್ಡಿ ನೋಡಿ, ಎಲ್ಲಿ ಗಾಳಿ ಬೀಸಲಿಲ್ಲವೋ ಅಲ್ಲಿಯೇ ಮನೆ ಕಟ್ಟಿಸಿದರಂತೆ. ಆ ಹೆಮ್ಮೆ ಮಾವನವರಿಗೆ ಮೂರು ಹೊತ್ತಿನ ಊಟದ ಜೊತೆ ನೆಂಚಿಕೊಳ್ಳುವ ಉಪ್ಪಿನಕಾಯಿ. "ಗಾಳಿ ಇಲ್ಲದ ಕಡೆ ಚಳಿ ಎಲ್ಲಿಂದ ಬರತ್ತಮ್ಮ? ನಮ್ಮ ಮನೆಯಂಥಾ ಬೆಚ್ಚನೆ ಮನೆ ಬೇಲೂರು ತಾಲ್ಲೂಕಲ್ಲೇ ಇಲ್ಲ" ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ತಲೆಗೆ ಮಂಕಿ ಟೋಪಿ, ಮೈಮೇಲೆ ಎರಡು ಶಾಲು, ಹಲ್ಲು ಕಟಕಟ. ನಾನು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡುತ್ತಿದ್ದೆ.

ದಿಬ್ಬದ ಮೇಲಿನ ಮನೆ ಮಾವನವರ ತಮ್ಮನದು. ಅವರ ಹೆಂಡತಿ ನಮಗೆ ಚಿಕ್ಕತ್ತೆ. ದೊಡ್ಡ ಕುಂಕುಮ, ದೊಡ್ಡ ಗಂಟಲು, ಇನ್ನೂ ದೊಡ್ಡ ಮನಸ್ಸು. ಆದರೆ ಒಂದೇ ಒಂದು ಜಂಭ, ಅದು ಮೊಸರಿನ ಜಂಭ. ಅವರು ಹೆಪ್ಪು ಹಾಕಿದ ಮೊಸರನ್ನು ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. "ಎಲ್ಲ ಕೈಗುಣ ಕಣ್ರೀ" ಎಂದು ಬಳೆ ಸದ್ದು ಮಾಡುತ್ತಾ ಹೇಳುವರು. ಆ ಮಾತಿಗೆ ನಮ್ಮ ಅತ್ತೆ ಏನೂ ಅನ್ನುತ್ತಿರಲಿಲ್ಲ. ಎಲ್ಲ ಮಾತಿಗೂ ಒಂದು ಎದುರು ಮಾತು ಇಟ್ಟುಕೊಂಡಿದ್ದ ಹೆಂಗಸು ಅದೊಂದಕ್ಕೆ ತೆಪ್ಪಗಿರುತ್ತಿದ್ದರು.

ಧನುರ್ಮಾಸದಲ್ಲಿ ಊರ ದೇವಸ್ಥಾನಕ್ಕೆ ದಿನಕ್ಕೊಂದು ಮನೆಯಿಂದ ಸರದಿಯ ಮೇಲೆ ನೈವೇದ್ಯ. ನಮ್ಮ ಮನೆಯದು ಮೊಸರನ್ನ. ಅದಕ್ಕೊಂದು ಕಟ್ಟುಪಾಡು. ಹಿಂದಿನ ಸಂಜೆ ಕರೆದ ಹಾಲೇ ಆಗಬೇಕು, ದೀಪ ಹಚ್ಚಿದ ಮೇಲೆ ಹೆಪ್ಪು ಹಾಕಬೇಕು, ಬೆಳಗಿನ ಜಾವಕ್ಕೆ ಮೊಸರಾಗಿರಬೇಕು. ದೇವರ ಮಡಕೆಯನ್ನು ಮನೆಯೊಳಗೆ ಇಡುವಂತಿಲ್ಲ. ಅದಕ್ಕೆಂದೇ ಹಿತ್ತಿಲಲ್ಲಿ ಬಾವಿಯ ಪಕ್ಕ ಒಂದು ಮಡಿಮನೆ, ಮೂರು ಕಡೆ ಜಾಲಂಧ್ರ. ಒಲೆಯನ್ನು ಸಾರಿಸಿ ರಂಗೋಲಿ ಇಟ್ಟ ಮೇಲೆ ಕೆಂಡದ ಮೇಲೂ ಇಡುವಂತಿಲ್ಲ. ಕಂಬಳಿ ಸುತ್ತಲೇ ಎಂದು ಕೇಳಿದ್ದಕ್ಕೆ ಅತ್ತೆ, "ದೇವರ ಮೊಸರಿಗೆ ಮಾವನ ಕಂಬಳಿಯೇ? ಚೆನ್ನಾಗಿದೆ!" ಎಂದರು.

ಇಂಥ ಧನುರ್ಮಾಸ ಬಂತು. ಬೇರೆ ತಿಂಗಳೆಲ್ಲ ತಾವೇ ಹೆಪ್ಪು ಹಾಕುತ್ತಿದ್ದ ಅತ್ತೆ ಆ ತಿಂಗಳು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. "ನೀನೇ ಹಾಕು. ಸರದಿ ಬರೋ ಹೊತ್ತಿಗೆ ಅಭ್ಯಾಸ ಆಗಲಿ" ಎಂದರು. ಸೊಸೆ ಬಂದಳು, ಇನ್ನು ಅಧಿಕಾರ ಮಾತ್ರ ಇವರದು, ಕೆಲಸ ನನ್ನದು ಎಂದು ನಾನು ಒಳಗೊಳಗೇ ಗೊಣಗಿಕೊಂಡೆ. ಮಡಿಮನೆಯಲ್ಲೇ ಹೆಪ್ಪು ಹಾಕಿದೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ತಳದಲ್ಲಿ ಒಂದಿಷ್ಟು ಲೋಳೆ. ಮಾರನೆಯ ದಿನ ಹೆಪ್ಪು ಜಾಸ್ತಿ ಹಾಕಿದೆ, ಹುಳಿ ನೀರಾಯಿತು. ಒಂದು ದಿನ ಆಕಾಶದ ತುಂಬ ಮೋಡ ಮುಚ್ಚಿಕೊಂಡಿತ್ತು. ಅವತ್ತು ಮಾತ್ರ ಅಚ್ಚುಕಟ್ಟಾಗಿ ಮೊಸರಾಯಿತು. ಅತ್ತೆಗೆ ಹಾಲು ಕುಡಿದಷ್ಟು ಸಂತೋಷ. ನನಗೆ ಹೂ ಮುಡಿಸಿದರು. ಮರುದಿನ ಆಕಾಶ ತಿಳಿಯಾಯಿತು, ಹಾಲು ಮತ್ತೆ ಹಾಲೇ. ಹೂವೂ ಬಾಡಿತು.

ಅಷ್ಟು ವರ್ಷ ಹೇಗೆ ನಡೆಯಿತು ಎಂದು ವಿಚಾರಿಸಿದಾಗ ತಿಳಿಯಿತು. ನಮ್ಮ ಮಡಿಮನೆಯಲ್ಲಿ ಮೊಸರಾಗದ ವರ್ಷ ದಿಬ್ಬದಿಂದ ಚಿಕ್ಕತ್ತೆಯ ಮೊಸರು ಇಳಿದುಬರುತ್ತಿತ್ತು, ಹೆಸರು ನಮ್ಮದಾಗುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಗುಟ್ಟು. ಆ ವರ್ಷ ಅರ್ಚಕರು ಜಗಲಿಯ ಮೇಲೆ ಕೂತು ಮೆಲ್ಲಗೆ ಹೇಳಿಯೇಬಿಟ್ಟರು: "ತಪ್ಪು ತಿಳೀಬೇಡಿ. ಮೊಸರು ಮೇಲಿನ ಮನೆಯದೇ ಆದ ಮೇಲೆ ಸರದಿಯೂ ಅವರದೇ ಆಗಲಿ. ಈ ಸಲ ನಿಮ್ಮಲ್ಲಿ ಮೊಸರಾಗಲಿಲ್ಲ ಅಂದ್ರೆ ಹಾಗೇ ಮಾಡೋಣ."

ಅತ್ತೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು. ಆ ದಿನ ಊಟಕ್ಕೆ ಕೂರಲಿಲ್ಲ. ತಲೆತಲಾಂತರದಿಂದ ಬಂದ ಸರದಿ ತಮ್ಮ ಕಾಲದಲ್ಲಿ ಕೈಬಿಟ್ಟು ಹೋಗುತ್ತದಲ್ಲ ಎಂಬ ಸಂಕಟ. ಆದರೆ ನನ್ನ ಬಾಯಿ ಸುಮ್ಮನಿರುವ ಪೈಕಿ ಅಲ್ಲ. "ನನ್ನ ಕೈ ಅರಸೀಕೆರೇಲಿ ಸರಿಯಾಗೇ ಇತ್ತು, ಅತ್ತೆ. ಈ ಜಾಗದಲ್ಲೇ ಏನೋ ಐಬಿದೆ" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಅತ್ತೆ, ತಟಕ್ಕನೆ. ಉಪವಾಸವಿದ್ದರೂ ಗಾದೆಗೆ ಬರವಿರಲಿಲ್ಲ.

ಮಾವನವರು ತಮ್ಮ ಪರಿಹಾರ ಹೇಳಿದರು. ಮಡಿಮನೆಯ ಜಾಲಂಧ್ರದಲ್ಲಿ ಗಾಳಿ ನುಸುಳುತ್ತಿರಬೇಕು, ಮಡಕೆಯನ್ನು ಇನ್ನೂ ಕೆಳಗೆ, ಬಾವಿಯ ಮೆಟ್ಟಿಲ ಗೂಡಿನಲ್ಲಿ ಇಡಿ, ಅಲ್ಲಿ ಎಲೆ ಕೂಡ ಅಲುಗುವುದಿಲ್ಲ. ಸರಿ, ಇಟ್ಟೆವು. ಬೆಳಿಗ್ಗೆ ಹಾಲು ಐಸಿನ ಹಾಗೆ ಕೊರೆಯುತ್ತಿತ್ತು. ಹಾಕಿದ ಹೆಪ್ಪು ಹಾಕಿದ ಜಾಗದಲ್ಲೇ ತಣ್ಣಗೆ ಕೂತಿತ್ತು.

ಆ ವಾರದಲ್ಲೇ ತಂಗಿಯನ್ನು ನೋಡಿ ಬರಲೆಂದು ಅರಸೀಕೆರೆಗೆ ಹೋಗಿ ಬಂದೆವು. ವಾಪಸು ಬರುವಾಗ ಹಳೇಬೀಡಿನಲ್ಲಿ ಬಸ್ಸಿಳಿದು ಎತ್ತಿನ ಗಾಡಿ ಹಿಡಿದೆವು. ಸೂರ್ಯ ಮುಳುಗಿ ಇನ್ನೂ ಬೆಳಕಿತ್ತು. ಆಕಾಶ ಒರೆಸಿಟ್ಟ ತಟ್ಟೆಯಂತೆ ತಿಳಿ. ಗಾಳಿಯ ಸುಳಿವಿಲ್ಲ. ಗಾಡಿ ದಿಬ್ಬ ಹತ್ತಿದಾಗ ಹಾಯೆನಿಸಿತು, ಹೊದ್ದ ಸೆರಗು ತೆಗೆದೆ. ಹಳ್ಳಕ್ಕೆ ಇಳಿಯಿತೋ ಇಲ್ಲವೋ, ಕಾಲಿನಿಂದ ಚಳಿ ಏರಿತು, ಮತ್ತೆ ಹೊದ್ದೆ. ಮುಂದಿನ ದಿಬ್ಬ, ತೆಗೆದೆ. ಮುಂದಿನ ತಗ್ಗು, ಹೊದ್ದೆ.

"ಏನೇ ಇದು ಅವತಾರ? ಹೊದೀತಿ, ತೆಗೀತಿ" ಎಂದರು ನಮ್ಮವರು.

"ಸುಮ್ನಿರಿ, ಲೆಕ್ಕ ಹಾಕ್ತಿದೀನಿ."

ಗಾಡಿಯವನಿಗೆ ಬೇರೆಯೇ ಅನುಮಾನ. "ಈ ತಗ್ಗಿನಾಗೆ ಏನೋ ಐತೆ ಕಣವ್ವ. ಇಲ್ಲಿಗೆ ಬತ್ತಿದ್ದಂಗೆ ಮೈ ಜುಮ್ ಅಂತದೆ" ಎಂದವನೇ ಎತ್ತಿನ ಬಾಲ ತಿರುವಿದ: "ಏನ್ಲಾ, ನಡಿಯೋ ಬೇಗ!"

ಊರ ದಿಬ್ಬ ಬಂತು. ಅಲ್ಲಿಂದ ಕೆಳಗೆ ನಮ್ಮ ಮನೆ ನೋಡಿದೆ. ಚಿಕ್ಕತ್ತೆಯ ಬಚ್ಚಲೊಲೆಯ ಹೊಗೆ ಮೇಲಕ್ಕೆ ಹೋಗದೆ ಇಳಿಜಾರಿನಲ್ಲಿ ಜಾರಿ, ನಮ್ಮ ಸೂರಿನ ಮಟ್ಟದಲ್ಲಿ ಹಾಸಿಕೊಂಡು ನಿಂತಿತ್ತು. ನೀರು ನಿಂತ ಹಾಗೆ! ನಾನು ನಮ್ಮವರ ತೋಳು ಹಿಡಿದು ಅಲುಗಿಸಿದೆ. "ರೀ, ಚಳಿ ಹರಿಯುತ್ತೆ! ನೀರಿನ ಹಾಗೆ ತಗ್ಗಿಗೆ ಹರಿದು ಬಂದು ನಮ್ಮನೇಲಿ ಕೆರೆ ಕಟ್ಟುತ್ತೆ!"

ನಮ್ಮವರು ಮೊದಲು ನಕ್ಕರು. ಆಮೇಲೆ ಗಾಡಿ ನಿಲ್ಲಿಸಿ ಇಳಿದರು. ಕೆಳಗೆ ಹೋಗಿ ನಿಂತರು, ಮೇಲೆ ಬಂದು ನಿಂತರು, ಮತ್ತೆ ಕೆಳಗೆ ಹೋದರು. ಗಾಡಿಯವನು ಮೇಷ್ಟ್ರಿಗೇ ಗಾಳಿ ಸೋಕಿತೇನೋ ಎಂದು ನನ್ನ ಮುಖ ನೋಡಿದ. ವಾಪಸು ಬಂದ ಮೇಲೆ ನಮ್ಮವರಲ್ಲಿದ್ದ ಮೇಷ್ಟ್ರು ಎದ್ದು ಕೂತರು. ತಿಳಿ ಆಕಾಶದ ರಾತ್ರಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿಬಿಡುತ್ತದೆ, ನೆಲ ತಣ್ಣಗಾಗಿ ಅದರ ಮೇಲಿನ ಗಾಳಿಯೂ ತಣ್ಣಗಾಗುತ್ತದೆ, ತಣ್ಣನೆ ಗಾಳಿ ಭಾರ, ಭಾರವಾದದ್ದು ಕೆಳಕ್ಕಲ್ಲದೆ ಎಲ್ಲಿಗೆ ಹೋದೀತು? ಬೀಸುವ ಗಾಳಿ ಇದ್ದರೆ ಕಲಸಿಹಾಕುತ್ತಿತ್ತು, ಮೋಡವಿದ್ದರೆ ಕಂಬಳಿ ಹೊದಿಸಿದ ಹಾಗೆ ನೆಲ ಬೆಚ್ಚಗಿರುತ್ತಿತ್ತು. ಎರಡೂ ಇಲ್ಲದ ದಿನ ತಗ್ಗಿಗೆ ಗ್ರಹಚಾರ. ಮೋಡದ ದಿನ ನನ್ನ ಮೊಸರು ಯಾಕಾಯಿತು ಎಂಬುದಕ್ಕೂ ಉತ್ತರ ಸಿಕ್ಕಿತು. "ಇಷ್ಟು ವರ್ಷ ಮಕ್ಕಳಿಗೆ ಪಾಠ ಮಾಡ್ತೀನಿ, ನಮ್ಮ ಮನೇದೇ ಹೊಳೀಲಿಲ್ವಲ್ಲೇ" ಎಂದು ತಲೆ ಚಚ್ಚಿಕೊಂಡರು. ಇಬ್ಬರೂ ದಿಬ್ಬದ ಮೇಲೆ ನಿಂತು ಹುಚ್ಚರ ಹಾಗೆ ನಕ್ಕೆವು. ಮದುವೆಯಾದ ಮೇಲೆ ನಾವಿಬ್ಬರೂ ಹಾಗೆ ಸೇರಿ ನಕ್ಕದ್ದು ಅದೇ ಮೊದಲು.

ಮನೆಯಲ್ಲಿ ಹೇಳಿದರೆ ಯಾರು ಕೇಳಬೇಕು! ಮಾವನವರು ಟೋಪಿ ಸರಿಮಾಡಿಕೊಂಡು, "ನಮ್ಮಜ್ಜನಿಗಿಂತ ನಿನ್ನೆ ಮೊನ್ನೆ ಬಂದ ಹುಡುಗಿ ಬುದ್ಧಿವಂತೆಯೋ?" ಎಂದರು. ಅತ್ತೆ ತಲೆಯಲ್ಲಾಡಿಸಿದರು. "ಚಳಿಗೂ ಮೊಸರಿಗೂ ಏನೇ ಸಂಬಂಧ? ಕೈಗುಣ ಇದ್ದವರಿಗೆ ಎಲ್ಲಿಟ್ಟರೂ ಆಗತ್ತೆ." ಅವರು ಅದನ್ನು ಕೋಪದಿಂದ ಹೇಳಲಿಲ್ಲ, ಸೋತ ದನಿಯಲ್ಲಿ ಹೇಳಿದರು. ಆ ದನಿ ನನ್ನನ್ನು ಕುಟುಕಿತು.

ನಾನು ನೇರ ದಿಬ್ಬ ಹತ್ತಿದೆ. ಚಿಕ್ಕತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಮ್ಮ ತಗ್ಗಿನ ಹೊಲದ ಅವರೆಯೇ. ಮಂಜು ಚೆನ್ನಾಗಿ ಬೀಳುವ ಕಡೆಯ ಅವರೆಗೆ ಸೊಗಡು ಹೆಚ್ಚು ಎಂದು ವರ್ಷ ವರ್ಷ ನಮ್ಮಿಂದಲೇ ತರಿಸಿಕೊಳ್ಳುತ್ತಿದ್ದರು. "ನೋಡಿ, ಮಂಜು ನಮ್ಮಲ್ಲೇ ಹೆಚ್ಚು ಬೀಳುತ್ತೆ ಅಂತ ನೀವೇ ಒಪ್ಪಿದೀರಿ" ಎಂದು ಅಲ್ಲಿಂದಲೇ ಜಗಳ ಶುರು ಮಾಡಿದೆ. ಕೊನೆಗೆ ಪಂದ್ಯ ಕಟ್ಟಿದೆ. ಒಂದು ಸಂಜೆ ಮಡಿಮನೆ ಅದಲು ಬದಲು. ಅವರು ಕೆಳಗೆ ಬಂದು ನಮ್ಮಲ್ಲಿ ಹೆಪ್ಪು ಹಾಕಬೇಕು, ನಾನು ಮೇಲೆ ಬಂದು ಅವರಲ್ಲಿ ಹಾಕಬೇಕು. ಅವರಲ್ಲೂ ಬಾವಿ ಪಕ್ಕ ನಮ್ಮಂಥದೇ ಮಡಿಮನೆ, ಅದೇ ಮೂರು ಕಡೆಯ ಜಾಲಂಧ್ರ.

ಚಿಕ್ಕತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅಯ್ಯೋ ಹುಚ್ಚಿ! ನಿಮ್ಮ ತಗ್ಗಲ್ಲೂ ನನ್ನ ಕೈಲಿ ಮೊಸರಾದ್ರೆ ಸರದಿ ನಂದು. ಆಮೇಲೆ ಅತ್ತರೆ ಕೇಳಲ್ಲ. ಒಪ್ಪಿಗೆಯೇನೇ?"

"ಒಪ್ಪಿಗೆ" ಎಂದೆ. ಇಳಿಜಾರು ಇಳಿದು ಬರುವಾಗ ಮಾಡಿದ್ದೇನೆಂದು ಹೊಳೆಯಿತು. ಅತ್ತೆಯ ಸರದಿಯನ್ನು ಅವರನ್ನು ಕೇಳದೆ ಪಣಕ್ಕಿಟ್ಟು ಬಂದಿದ್ದೆ! ಹೇಳಿದಾಗ ಅತ್ತೆ ಬೈಯಲಿಲ್ಲ. "ಹೋಗೋದು ಹೇಗೂ ಹೋಗತ್ತೆ ಬಿಡು" ಎಂದರು.

ಪಂದ್ಯದ ದಿನ ಬಂತು. ಅವತ್ತೇ ಮಧ್ಯಾಹ್ನ ನಾನು ಹೊರಗಾದೆ. ಇನ್ನು ಮೂರು ದಿನ ಹಿತ್ತಿಲ ಜಗಲಿಯ ಮೂಲೆಯೇ ಗತಿ, ಯಾರನ್ನೂ ಏನನ್ನೂ ಮುಟ್ಟುವಂತಿಲ್ಲ. ಹೆಪ್ಪು ಹಾಕುವುದಂತೂ ದೂರದ ಮಾತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ಅಳು, ಸಿಟ್ಟು, ಎರಡೂ ಒಟ್ಟಿಗೆ ಬಂದವು. ಕೂತಲ್ಲಿಂದಲೇ ಕೂಗಿದೆ: "ಅತ್ತೆ, ನೀವೇ ಹೋಗಿ ಮೇಲೆ ಹೆಪ್ಪು ಹಾಕಿ!"

ಅತ್ತೆ ಹೌಹಾರಿದರು. "ನಾನೇ? ಧನುರ್ಮಾಸದಲ್ಲೇ? ಬೇಡ ಕಣೇ, ಬೇಡ."

"ಬೇರೆ ತಿಂಗಳು ಹಾಕಲ್ವೇ?"

"ಆ ತಿಂಗಳುಗಳು ಬೇರೆ."

"ಮತ್ಯಾರಿದ್ದಾರೆ? ಮಾವನವರನ್ನ ಕಳಿಸಲೇ?" ಎಂದೆ. ದೀಪ ಹಚ್ಚುವ ಹೊತ್ತಿಗೆ ಚಿಕ್ಕತ್ತೆ ಮಡಿಯುಟ್ಟು, ತಮ್ಮ ಮಡಕೆ, ತಮ್ಮ ಹೆಪ್ಪು ಎಲ್ಲ ಹಿಡಿದು ದಂಡೆತ್ತಿ ಬಂದವರಂತೆ ಇಳಿದು ಬಂದರು. "ಏನ್ ಅಕ್ಕ, ಇನ್ನೂ ಇಲ್ಲೇ ನಿಂತಿದೀಯ? ಹಾಲು ಆರಿ ಹೋಗತ್ತೆ, ನಡಿ ನಡಿ" ಎಂದು ಅಟ್ಟಿದರು. ಅತ್ತೆ ಹಾಲಿನ ಮಡಕೆ ಎತ್ತಿಕೊಂಡು, ಹಿಂದೆ ಹಿಂದೆ ನೋಡುತ್ತಾ ದಿಬ್ಬ ಹತ್ತಿದರು.

ಅವರು ಹತ್ತುತ್ತಿದ್ದಂತೆ ಪಡುವಣದಲ್ಲಿ ಮೋಡ ಕಟ್ಟಿತು. ಮುಗಿಯಿತು ಎಂದುಕೊಂಡೆ. ಮೋಡ ಮುಚ್ಚಿದರೆ ತಗ್ಗೂ ಬೆಚ್ಚಗಾಗುತ್ತದೆ, ಚಿಕ್ಕತ್ತೆಯ ಮೊಸರು ಆಗಿಯೇ ಆಗುತ್ತದೆ, ಸರದಿ ಹೋಗಿಯೇ ಹೋಗುತ್ತದೆ. ಹೊರಗೆ ಕೂತವಳು ದೇವರನ್ನು ಬೇಡಬಾರದು ಎನ್ನುತ್ತಾರೆ. ನಾನು ಬೇಡಿಕೊಂಡೆ, ಗದರಿಕೊಂಡೂ ಬೇಡಿಕೊಂಡೆ. ಊಟದ ಹೊತ್ತಿಗೆ ಮೋಡ ಹರಿದು ಒಂದೊಂದೇ ನಕ್ಷತ್ರ ಬಂತು. ಕಂಬಳಿಯೊಳಗೆ ಗಡಗಡ ನಡುಗುತ್ತಾ, ಇನ್ನೂ ಚಳಿಯಾಗಲಿ, ಇನ್ನೂ ಆಗಲಿ ಎಂದು ಹಾರೈಸಿದ ಹೆಂಗಸು ಆ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಬೆಳಗಾಯಿತು. ಮಂಜು ನಮ್ಮ ಹಿತ್ತಿಲಲ್ಲಿ ಆಳೆತ್ತರಕ್ಕೆ ಮಟ್ಟಸವಾಗಿ ತುಂಬಿತ್ತು. ಚಿಕ್ಕತ್ತೆ ಆಗಲೇ ಬಂದು ಮಡಿಮನೆ ಹೊಕ್ಕಿದ್ದರು. ಒಳಗಿಂದ "ಇದೇನಿದು, ಇದೇನಿದು" ಎಂದು ಗೊಣಗಾಟ. ಮಡಕೆ ಹಿಡಿದು ಹೊರಗೆ ಬಂದು ಅಲುಗಿಸಿದರು. ಹಾಲು ಲೊಳಕ್ ಎಂದಿತು. ಆ ಸದ್ದು ನನ್ನ ಕಿವಿಗೆ ಮಂಗಳವಾದ್ಯ!

ಜಗಲಿಯ ಮೇಲೆ ಎದ್ದು ನಿಂತು ಮಂಜಿನ ಮೇಲಿಂದ ನೋಡಿದೆ. ದಿಬ್ಬದ ಮೇಲೆ ಬಿಸಿಲು ಆಗಲೇ ಬಿದ್ದಿತ್ತು. ಅತ್ತೆ ಎರಡೂ ಕೈಯಲ್ಲಿ ಮಡಕೆ ಹಿಡಿದು ಇಳಿದು ಬರುತ್ತಿದ್ದರು. ಮಂಜಿನ ಅಂಚಿಗೆ ಬಂದಾಗ ಕಾಲು ಕಾಣದಾಯಿತು, ಆಮೇಲೆ ಸೊಂಟ, ಆಮೇಲೆ ಬರಿಯ ತಲೆ, ಕೊನೆಗೆ ಎಲ್ಲವೂ ಮುಳುಗಿ, ಒಂದು ಗಳಿಗೆಯ ನಂತರ ನನ್ನ ಮುಂದೆಯೇ ಎದ್ದು ನಿಂತರು. ಏದುಸಿರು ಬಿಡುತ್ತಿದ್ದರು. ಮಡಕೆಯನ್ನು ನನ್ನ ಕಡೆ ವಾಲಿಸಿದರು. ಇನ್ನೂ ವಾಲಿಸಿದರು. ಮೊಸರು ಜಗ್ಗಲಿಲ್ಲ.

"ನಾನೇ ಹಾಕಿದ್ದು ಕಣೇ" ಎಂದರು. "ನನ್ನ ಕೈಲೇ ಹಾಕಿದ್ದು."

"ಗೊತ್ತು, ಅತ್ತೆ."

"ಗೊತ್ತಿಲ್ಲ ನಿಂಗೆ. ನಾನು ಈ ಮನೆಗೆ ಬಂದ ಮೊದಲನೇ ವರ್ಷಾನೇ ಆಗಲಿಲ್ಲ. ಬೇಸಿಗೇಲಿ ಆಗತ್ತೆ, ಮಳೆಗಾಲದಲ್ಲಿ ಆಗತ್ತೆ, ದೇವರ ತಿಂಗಳಲ್ಲಿ ಮಾತ್ರ ಆಗಲ್ಲ ಅಂದ್ರೆ ಏನರ್ಥ? ದೇವರಿಗೇ ನನ್ನ ಕೈ ಬೇಡ ಅಂತ ತಿಳಕೊಂಡಿದ್ದೆ. ಇಷ್ಟು ವರ್ಷ ಹಾಗೇ ತಿಳಕೊಂಡಿದ್ದೆ. ಅದಕ್ಕೇ ಈ ತಿಂಗಳು ಒಂದು ಹೂವನ್ನೂ ಅವನಿಗೆ ನನ್ನ ಕೈಯಾರೆ ಇಟ್ಟಿಲ್ಲ." ದನಿ ಒಡೆಯಿತು. "ಹಾಗಾದ್ರೆ ನನ್ನ ಕೈ ಚೆನ್ನಾಗೇ ಇತ್ತೇನೇ?"

ಅವರು ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದದ್ದು ಅಧಿಕಾರವಾಗಿರಲಿಲ್ಲ, ಅಂಜಿಕೆಯಾಗಿತ್ತು. ಇಳಿದು ತಬ್ಬಿಕೊಳ್ಳಬೇಕೆನಿಸಿತು. ಆದರೆ ನಾನು ಹೊರಗೆ ಕೂತವಳು, ಅವರು ಮಡಿಯಲ್ಲಿದ್ದವರು. ಇಬ್ಬರ ನಡುವೆ ಮಾರುದ್ದದ ಜಾಗ. "ಚೆನ್ನಾಗೇ ಇತ್ತು, ಅತ್ತೆ. ನೆಲವೇ ಡೊಂಕು" ಎಂದೆ, ಅಳುತ್ತಾ ನಗುತ್ತಾ.

ಅತ್ತೆ ಮಡಕೆಯನ್ನು ಜೋಪಾನವಾಗಿ ಬಾವಿಕಟ್ಟೆಯ ಮೇಲಿಟ್ಟರು. ನೇರ ಬಂದು ನನ್ನನ್ನು ಬಾಚಿ ತಬ್ಬಿಕೊಂಡರು.

"ಅಕ್ಕಾ! ಮುಟ್ಟಿಬಿಟ್ಟೆ!" ಎಂದು ಚಿಕ್ಕತ್ತೆ ಕಿರುಚಿದರು.

"ಮುಟ್ಟಿದೆ. ಸ್ನಾನ ಮಾಡಿದ್ರಾಯ್ತು" ಎಂದರು ಅತ್ತೆ. ಆ ಹೊಂಡದ ಚಳಿಯಲ್ಲಿ, ಆ ಮಂಜಿನಲ್ಲಿ, ತಣ್ಣೀರು ಸೇದಿ ತಲೆಯ ಮೇಲೆ ಸುರಿದುಕೊಂಡು "ಹಾ! ಹೂ!" ಎನ್ನುತ್ತಾ ನಕ್ಕರು. ನಾನೂ ನಕ್ಕೆ, ಕೊನೆಗೆ ಚಿಕ್ಕತ್ತೆಯೂ ನಕ್ಕರು. ಗದ್ದಲ ಕೇಳಿ ಮಾವನವರು ಟೋಪಿ ಹಾಕಿಕೊಂಡು ಬಂದು ಏನಾಯಿತೆಂದು ಕೇಳಿದರು. "ನಿಮ್ಮಜ್ಜನ್ನ ಕೇಳಿ" ಎಂದರು ಅತ್ತೆ.

ಸರದಿಯ ಹಿಂದಿನ ಸಂಜೆ ನಮ್ಮ ಹಾಲು ದಿಬ್ಬ ಹತ್ತಿತು. ಜಾಗ ಮೇಲಿನ ಮನೆಯದಲ್ಲವೇ ಎಂದು ಅರ್ಚಕರು ತಕರಾರು ತೆಗೆಯುವ ಮೊದಲೇ ಚಿಕ್ಕತ್ತೆ ತಡೆದರು: "ಜಾಗ ನಂದು ಸ್ವಾಮಿ. ಹಾಲು ಅವರದು, ಕೈ ಅಕ್ಕಂದು. ಸರದಿ ಜಾಗಕ್ಕಲ್ಲ." ಅರ್ಚಕರು ಒಪ್ಪಿದರು. ಅದಕ್ಕೆ ಪ್ರತಿಯಾಗಿ ಚಿಕ್ಕತ್ತೆಗೆ ವರ್ಷ ವರ್ಷ, ಅವರು ಕೇಳುವ ಮೊದಲೇ, ಸೊಗಡವರೆಯ ಬುಟ್ಟಿ ಹೋಗುವುದೆಂದಾಯಿತು. ಹೊಂಡದ ಮನೆಗೂ ಒಂದು ಮರ್ಯಾದೆ ಉಳಿಯಿತು.

ನಾನು ಆ ಹೊತ್ತಿಗೆ ತಲೆಗೆ ನೀರು ಹಾಕಿಕೊಂಡು ಶುದ್ಧಳಾಗಿದ್ದೆ. ಕಂಡುಹಿಡಿದವಳು ನಾನು, ಪಂದ್ಯ ಕಟ್ಟಿದವಳು ನಾನು. ದೇವರ ಮೊಸರಿಗೆ ಈ ಸಲವಾದರೂ ಹೆಪ್ಪು ಹಾಕುವ ಭಾಗ್ಯ ನನ್ನದೇ ಎಂದು ಮಡಿಯುಟ್ಟು, ಅತ್ತೆಯ ಹಿಂದೆಯೇ ದಿಬ್ಬ ಹತ್ತಿ, ಸೆರಗು ಬಿಗಿದು ಕೈ ಚಾಚಿದೆ. ಅತ್ತೆ ನನ್ನ ಕೈಯನ್ನು ಮೊಣಕೈಯಿಂದ ಮೆಲ್ಲಗೆ ಆಚೆ ತಳ್ಳಿದರು.

"ಸರಿ ಆಚೆ" ಎಂದರು. "ನಾನು ಹಾಕ್ತೀನಿ."

ಅವರಿದ್ದಷ್ಟು ವರ್ಷ ಯಾವ ಧನುರ್ಮಾಸದಲ್ಲೂ ನನಗೆ ಆ ಮಡಕೆ ಮುಟ್ಟಲು ಕೊಡಲಿಲ್ಲ.